ಸುಂಕದವನ ಮುಂದೆ ಇಡಬೇಕಾದ ಲೆಕ್ಕ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆ ನಮ್ಮಲ್ಲಿ ಹಳೆಯದು. ಸಂತೆಗೆ ಮೂಟೆ ಹೊತ್ತು ಬಂದವನು ಕಟ್ಟೆಯ ಬಳಿ ನಿಂತು ಈ ವರ್ಷ ಮಳೆಯಿಲ್ಲ, ಮನೆಯಲ್ಲಿ ಮದುವೆಯಿದೆ ಎಂದು ಎಷ್ಟು ಹೇಳಿಕೊಂಡರೂ ಮೂಟೆಗೆ ನಿಗದಿಯಾದದ್ದನ್ನು ಕೊಟ್ಟೇ ಮುಂದೆ ಹೋಗಬೇಕಿತ್ತು. ಇವತ್ತು ಆ ಕಟ್ಟೆ ವಿಮಾನ ನಿಲ್ದಾಣದ ಕೊರಿಯರ್ ಟರ್ಮಿನಲ್‌ನಲ್ಲಿದೆ, ವಿದೇಶಿ ಅಂಚೆ ಕಚೇರಿಯ ಮೇಜಿನ ಮೇಲಿದೆ. ಹೊರದೇಶದ ಅಂಗಡಿಯಿಂದ ಮೊಬೈಲಿನಲ್ಲೇ ಒಂದು ವಸ್ತು ತರಿಸಿದವರಿಗೆ ಅದು ಕಣ್ಣಿಗೆ ಬೀಳುವುದು ಕೊನೆಯಲ್ಲಿ, ಕೊರಿಯರ್ ಕಂಪನಿಯ ಒಂದು ಸಂದೇಶದ ರೂಪದಲ್ಲಿ: ಇಷ್ಟು ಸಾವಿರ ಕಟ್ಟಿ, ಪಾರ್ಸೆಲ್ ಬಿಡಿಸಿಕೊಳ್ಳಿ. ಆಗ ಹುಟ್ಟುವ ಸಿಟ್ಟು ಸಹಜವೇ. ಆದರೆ ಆ ಹೊತ್ತಿಗೆ ಮಾಡಲು ಉಳಿದಿರುವುದು ತೀರ ಕಡಿಮೆ. ಸುಂಕವನ್ನು ಅದೃಷ್ಟದ ಆಟದಂತೆ ನೋಡುವುದೇ ನಮ್ಮ ದೊಡ್ಡ ತಪ್ಪು. ಅದು ಲೆಕ್ಕ. ಆ ಲೆಕ್ಕದಲ್ಲಿ ಸರ್ಕಾರದ ಕೈಯಲ್ಲಿರುವ ಅಂಕಿಗಳೂ ಇವೆ, ಕೊಳ್ಳುವವರ ಕೈಯಲ್ಲಿರುವ ಅಂಕಿಗಳೂ ಇವೆ. ನಮ್ಮ ಕೈಯಲ್ಲಿರುವವುಗಳಲ್ಲಿ ಬಹುಪಾಲು ಸೇರಿಕೊಂಡಿರುವುದು ಸಾಗಣೆಯಲ್ಲಿ. ಅದನ್ನು ಆರ್ಡರ್ ಮಾಡುವ ಮುಂಚೆಯೇ ನೋಡಿಕೊಂಡರೆ ಮನೆ ಬಾಗಿಲಿಗೆ ಬಂದು ತಲುಪುವ ನಿಜವಾದ ಬೆಲೆ ಎಷ್ಟೆಂದು ಸುಮಾರಾಗಿ ಗೊತ್ತಾಗಿಬಿಡುತ್ತದೆ.

ಮೊದಲು ಲೆಕ್ಕ ಎಲ್ಲಿಂದ ಶುರುವಾಗುತ್ತದೆ ಎಂದು ನೋಡಬೇಕು. ಅಂಗಡಿಯವರು ತೋರಿಸಿದ ಬೆಲೆಯ ಮೇಲಷ್ಟೇ ಸುಂಕ ಎಂದು ಬಹಳ ಮಂದಿ ಎಣಿಸುತ್ತಾರೆ. 1962ರ ಕಸ್ಟಮ್ಸ್ ಕಾಯ್ದೆಯ 14ನೇ ಸೆಕ್ಷನ್ ಮತ್ತು 2007ರ ಮೌಲ್ಯಮಾಪನ ನಿಯಮಗಳ ಪ್ರಕಾರ ವಸ್ತುವಿನ ಬೆಲೆಗೆ ಅದು ನಮ್ಮ ಗಡಿಯವರೆಗೆ ಬಂದ ಸಾಗಣೆ ವೆಚ್ಚವನ್ನೂ ವಿಮೆಯನ್ನೂ ಕೂಡಿಸಿ ಬಂದ ಮೊತ್ತವೇ ಸುಂಕಕ್ಕೆ ಆಧಾರ. ವಿಮೆ ಎಷ್ಟೆಂದು ತಿಳಿಯದಿದ್ದರೆ ಬೆಲೆಯ ಶೇ 1.125 ಎಂದು ಹಿಡಿಯುತ್ತಾರೆ. ಸಾಗಣೆ ವೆಚ್ಚ ತಿಳಿಯದಿದ್ದರೆ ಬೆಲೆಯ ಶೇ 20. ಹೀಗೆ ಬಂದ ಮೊತ್ತದ ಮೇಲೆ ಮೂಲ ಸೀಮಾ ಸುಂಕ, ಆ ಸುಂಕದ ಮೇಲೆ ಸಾಮಾನ್ಯವಾಗಿ ಶೇ 10ರ ಸಮಾಜ ಕಲ್ಯಾಣ ಮೇಲ್ತೆರಿಗೆ, ಇವೆಲ್ಲವನ್ನೂ ಕೂಡಿಸಿದ ಮೊತ್ತದ ಮೇಲೆ ಆಮದಿಗೆ ಬೀಳುವ ಜಿಎಸ್‌ಟಿಯಾದ ಐಜಿಎಸ್‌ಟಿ. ಮೆಟ್ಟಿಲಿನ ಮೇಲೆ ಮೆಟ್ಟಿಲು. ಕೆಳಗಿನ ಮೆಟ್ಟಿಲು ಎಷ್ಟು ಎತ್ತರವೋ ಮೇಲಿನದೂ ಅಷ್ಟು ಎತ್ತರಕ್ಕೆ ಹೋಗುತ್ತದೆ. ಆದ್ದರಿಂದ ಸಾಗಣೆ ವೆಚ್ಚ ಮತ್ತು ಸುಂಕವನ್ನು ಎರಡು ಬೇರೆ ಬೇರೆ ಖರ್ಚು ಎಂದು ಎಣಿಸುವ ಹಾಗಿಲ್ಲ. ಸಾಗಣೆಗೆ ನೂರು ರೂಪಾಯಿ ಹೆಚ್ಚು ಕೊಟ್ಟರೆ ಆ ನೂರರ ಮೇಲೂ ತೆರಿಗೆ ಕಟ್ಟಬೇಕಾಗಿ ಬರಬಹುದು. ಡಾಲರನ್ನು ರೂಪಾಯಿಗೆ ತಿರುಗಿಸುವ ದರವೂ ಬ್ಯಾಂಕಿನದಲ್ಲ, ಕಸ್ಟಮ್ಸ್ ಇಲಾಖೆ ಕಾಲಕಾಲಕ್ಕೆ ಪ್ರಕಟಿಸುವ ದರ.

ಒಂದು ಲೆಕ್ಕ ಹಾಕಿ ನೋಡೋಣ. ವಸ್ತುವಿನ ಬೆಲೆ 10,000 ರೂಪಾಯಿ, ವಿಮಾನದಲ್ಲಿ ತರಿಸಲು 4,000 ರೂಪಾಯಿ ಎಂದಿಟ್ಟುಕೊಳ್ಳಿ. ದರ ವಸ್ತುವಿನಿಂದ ವಸ್ತುವಿಗೆ ಬೇರೆಯಾಗುತ್ತದೆ. ಉದಾಹರಣೆಗಾಗಿ ಮೂಲ ಸುಂಕ ಶೇ 10, ಅದರ ಮೇಲೆ ಮೇಲ್ತೆರಿಗೆ ಶೇ 10, ಐಜಿಎಸ್‌ಟಿ ಶೇ 18 ಎಂದು ಹಿಡಿಯೋಣ. ಸಾಗಣೆಯ 4,000ವನ್ನು ಹಾಗೆಯೇ ಸೇರಿಸಿದರೆ ವಿಮೆಯೂ ಕೂಡಿ ಆಧಾರ ಮೊತ್ತ 14,112 ರೂಪಾಯಿ 50 ಪೈಸೆ, ಒಟ್ಟು ಸುಂಕ ಸುಮಾರು 4,372 ರೂಪಾಯಿ. ಆದರೆ ನಿಯಮದಲ್ಲಿ ಬಹಳ ಜನರಿಗೆ ತಿಳಿಯದ ಒಂದು ಅನುಕೂಲವಿದೆ: ವಿಮಾನದಲ್ಲಿ ಬಂದ ಸರಕಿಗೆ ಸಾಗಣೆ ವೆಚ್ಚ ಎಷ್ಟೇ ಆಗಿರಲಿ, ಸುಂಕದ ಲೆಕ್ಕಕ್ಕೆ ಅದನ್ನು ಬೆಲೆಯ ಶೇ 20ಕ್ಕಿಂತ ಹೆಚ್ಚು ಹಿಡಿಯುವ ಹಾಗಿಲ್ಲ. ಅಂದರೆ 4,000 ಅಲ್ಲ, 2,000 ಮಾತ್ರ. ಆಗ ಆಧಾರ ಮೊತ್ತ 12,112 ರೂಪಾಯಿ 50 ಪೈಸೆಗೆ ಇಳಿಯುತ್ತದೆ. ಮೂಲ ಸುಂಕ 1,211, ಮೇಲ್ತೆರಿಗೆ 121, ಐಜಿಎಸ್‌ಟಿ 2,420, ಒಟ್ಟು ಸುಮಾರು 3,752 ರೂಪಾಯಿ. ವ್ಯತ್ಯಾಸ 620 ರೂಪಾಯಿ. ಬೆಲೆ ಕಡಿಮೆ, ಗಾತ್ರ ದೊಡ್ಡದು ಎಂಬಂಥ ವಸ್ತುಗಳಲ್ಲಿ, ಅಂದರೆ ಸಾಗಣೆಯೇ ಬೆಲೆಯನ್ನು ಮೀರಿಸುವ ಕಡೆ, ಈ ವ್ಯತ್ಯಾಸ ಇನ್ನೂ ದೊಡ್ಡದಾಗುತ್ತದೆ. ಕೊರಿಯರ್ ಕಂಪನಿ ನಿಮ್ಮ ಪರವಾಗಿ ಸಲ್ಲಿಸಿದ ಆಮದು ಘೋಷಣೆಯ, ಅಂದರೆ ಬಿಲ್ ಆಫ್ ಎಂಟ್ರಿಯ ಪ್ರತಿಯನ್ನು ಕೇಳಿ ಪಡೆದು ಸಾಗಣೆ ವೆಚ್ಚದ ಒಂದು ಸಾಲನ್ನು ಪರೀಕ್ಷಿಸಿದರೆ ಸಾಕು, ಲೆಕ್ಕ ಸರಿಯೋ ತಪ್ಪೋ ಗೊತ್ತಾಗುತ್ತದೆ.

ಇಲ್ಲಿಗೆ ಒಂದು ಪ್ರಶ್ನೆ ಏಳುತ್ತದೆ: ಸುಂಕದ ಲೆಕ್ಕದಲ್ಲಿ ಸಾಗಣೆಗೆ ಹೀಗೆ ಮಿತಿ ಇರುವಾಗ ಸಾಗಣೆಯ ಬಗ್ಗೆ ಅಷ್ಟು ತಲೆ ಕೆಡಿಸಿಕೊಳ್ಳಬೇಕೇ? ಬೇಕು, ಏಕೆಂದರೆ ಮಿತಿ ಇರುವುದು ಸುಂಕಕ್ಕೆ, ಕೊರಿಯರ್‌ನವರಿಗೆ ನಾವು ಕೊಡುವ ಹಣಕ್ಕಲ್ಲ. ಆ ಹಣ ತೂಕದ ಮೇಲಷ್ಟೇ ನಿಂತಿಲ್ಲ. ಪೆಟ್ಟಿಗೆಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ಸಾಮಾನ್ಯವಾಗಿ 5,000ದಿಂದ ಭಾಗಿಸಿದರೆ ಬರುವುದು ಗಾತ್ರದ ತೂಕ. ನಿಜವಾದ ತೂಕ, ಗಾತ್ರದ ತೂಕ ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಬಾಡಿಗೆ. ಎರಡು ಕಿಲೋ ತೂಗುವ ಸಾಮಾನನ್ನು 40, 30, 30 ಸೆಂಟಿಮೀಟರಿನ ಪೆಟ್ಟಿಗೆಯಲ್ಲಿಟ್ಟು ಸುತ್ತ ಗಾಳಿ ತುಂಬಿದ ಪ್ಲಾಸ್ಟಿಕ್ ಸೇರಿಸಿ ಕಳಿಸಿದರೆ ಅದು 7.2 ಕಿಲೋ ಆಗುತ್ತದೆ. ಅದೇ ಸಾಮಾನು 30, 20, 15ರ ಪೆಟ್ಟಿಗೆಯಲ್ಲಿ ಹಿಡಿಸಿದರೆ ಗಾತ್ರದ ತೂಕ 1.8 ಕಿಲೋ, ಬಾಡಿಗೆ ಎರಡು ಕಿಲೋದ್ದು. ಶೂಗಳ ಹೊರಪೆಟ್ಟಿಗೆ ತೆಗೆದು ಕಳಿಸಿ, ಸಂಗೀತ ವಾದ್ಯದ ಬಿಡಿಭಾಗಕ್ಕೆ ದೊಡ್ಡ ಡಬ್ಬಿ ಬೇಡ ಎಂದು ಮಾರುವವರಿಗೆ ಎರಡು ಸಾಲು ಬರೆದರೆ ಉಳಿಯುವ ಹಣ ಯಾವ ರಿಯಾಯಿತಿ ಕೂಪನ್ನಿಗಿಂತಲೂ ದೊಡ್ಡದು. ನಾಜೂಕಾದ ವಸ್ತುವಿಗೆ ಮಾತ್ರ ಈ ಉಳಿತಾಯ ಸಲ್ಲದು. ಒಡೆದು ಬಂದ ಪಿಂಗಾಣಿಗೆ ಕಡಿಮೆ ಬಾಡಿಗೆ ಕೊಟ್ಟು ಪ್ರಯೋಜನವಿಲ್ಲ. ಅವಸರವಿಲ್ಲದ, ಹಗುರವಾದ, ಅಷ್ಟೇನೂ ಬೆಲೆಬಾಳದ ಸಾಮಾನಿಗೆ ಇಂದಿಗೂ ಅಂಚೆಯೇ ಅಗ್ಗ. ಬರುವುದು ತಡ, ಎಲ್ಲಿದೆ ಎಂದು ತಿಳಿಯುವುದು ಕಷ್ಟ, ಆದರೆ ಕೊರಿಯರ್ ಕಂಪನಿಗಳ ಮೇಲ್ಖರ್ಚು ಅಲ್ಲಿಲ್ಲ.

ಪಾರ್ಸೆಲನ್ನು ಚಿಕ್ಕ ಚಿಕ್ಕದಾಗಿ ಒಡೆದು ತರಿಸಿದರೆ ಸುಂಕ ತಪ್ಪುತ್ತದೆ ಎಂಬ ನಂಬಿಕೆ ಬಹಳ ಬಲವಾಗಿದೆ. ಇದು ಹೊರದೇಶದಲ್ಲಿರುವ ನೆಂಟರಿಂದ ಬಂದ ಸಲಹೆ. ಅಲ್ಲಿ ಅದಕ್ಕೆ ಅರ್ಥವಿತ್ತು. ಅಮೆರಿಕದಲ್ಲಿ 2016ರಿಂದ 800 ಡಾಲರ್‌ವರೆಗಿನ ಪಾರ್ಸೆಲ್ ಸುಂಕವಿಲ್ಲದೆ ಒಳಗೆ ಹೋಗುತ್ತಿತ್ತು. ಯುರೋಪ್ ಒಕ್ಕೂಟದಲ್ಲಿ 22 ಯುರೋ ಒಳಗಿನದಕ್ಕೆ ವ್ಯಾಟ್ ಇರಲಿಲ್ಲ. ನಮ್ಮಲ್ಲಿ ಮಾಮೂಲಿ ಖರೀದಿಗೆ ಅಂಥ ಮಿತಿ ಇಲ್ಲ. ಐನೂರು ರೂಪಾಯಿಯದಕ್ಕೂ ಸುಂಕ ಹಾಕಬಹುದು. ಕೆಲವು ಪುಟ್ಟ ಪೊಟ್ಟಣಗಳು ಹಾಗೇ ದಾಟಿಬಿಡುವುದುಂಟು, ನಿಜ. ಅದು ಆ ದಿನದ ಸಂದಣಿಯ ಫಲ, ಹಕ್ಕಲ್ಲ. ಅದನ್ನು ನಂಬಿ ನಾಲ್ಕು ಪಾರ್ಸೆಲ್ ಮಾಡಿದರೆ ನಾಲ್ಕು ಬಾರಿ ಕನಿಷ್ಠ ಬಾಡಿಗೆ, ಎಲ್ಲಕ್ಕೂ ಸುಂಕ ಬಿದ್ದರೆ ನಾಲ್ಕು ಬಾರಿ ಕೊರಿಯರ್‌ನವರ ಸೇವಾ ಶುಲ್ಕ. ಒಂದೇ ಪೆಟ್ಟಿಗೆಯಲ್ಲಿ ಒಟ್ಟಿಗೆ ತರಿಸುವುದೇ ನಮ್ಮ ದೇಶದ ಮಟ್ಟಿಗೆ ಸರಿಯಾದ ಲೆಕ್ಕ. ಹೊರದೇಶಗಳಲ್ಲೂ ಆ ಬಾಗಿಲುಗಳು ಒಂದೊಂದಾಗಿ ಮುಚ್ಚುತ್ತಿವೆ. ಆಸ್ಟ್ರೇಲಿಯಾ 2018ರ ಜುಲೈಯಿಂದ ಅಗ್ಗದ ಪಾರ್ಸೆಲ್‌ಗಳಿಗೂ ಜಿಎಸ್‌ಟಿ ಹಾಕಿತು. ಯುರೋಪ್ ತನ್ನ 22 ಯುರೋ ವಿನಾಯಿತಿಯನ್ನು 2021ರ ಜುಲೈಯಲ್ಲಿ ತೆಗೆದುಹಾಕಿತು. ಅಮೆರಿಕ 2025ರ ಆಗಸ್ಟ್ 29ರಿಂದ 800 ಡಾಲರ್ ವಿನಾಯಿತಿಯನ್ನು ಎಲ್ಲ ದೇಶಗಳಿಗೂ ನಿಲ್ಲಿಸಿತು. ಆ ಗೊಂದಲದಲ್ಲಿ ನಮ್ಮ ಅಂಚೆ ಇಲಾಖೆ ಆಗಸ್ಟ್ 25ರಿಂದ ಅಮೆರಿಕಕ್ಕೆ ಪಾರ್ಸೆಲ್ ತೆಗೆದುಕೊಳ್ಳುವುದನ್ನೇ ತಡೆಹಿಡಿದು ಅಕ್ಟೋಬರ್ 15ಕ್ಕೆ ಮತ್ತೆ ಶುರು ಮಾಡಿತು. ಹಾಗೆ ಶುರು ಮಾಡಿದಾಗ ಅಲ್ಲಿನ ಸುಂಕವನ್ನು ಇಲ್ಲಿಯೇ, ಕಳಿಸುವವರಿಂದಲೇ ಮುಂಗಡವಾಗಿ ವಸೂಲಿ ಮಾಡುವ ಪದ್ಧತಿ ಬಂತು. ಅಮೆರಿಕದ ಕನ್ನಡಿಗರು ಇಳಕಲ್ ಸೀರೆಯನ್ನೋ ಚನ್ನಪಟ್ಟಣದ ಗೊಂಬೆಯನ್ನೋ ತರಿಸುವಾಗ ಈಗ ಇಲ್ಲಿನ ಅಂಗಡಿಯವರು ಹೇಳುವ ಒಟ್ಟು ಬೆಲೆಯಲ್ಲಿ ಆ ಸುಂಕ ಸೇರಿದೆಯೇ ಎಂದು ಕೇಳಿಕೊಳ್ಳಬೇಕು.

ಇನ್ನೊಂದು ಸಲಹೆ ಇದಕ್ಕಿಂತ ಅಪಾಯದ್ದು: ಮಾರುವವರಿಗೆ ಹೇಳಿ ಪೆಟ್ಟಿಗೆಯ ಮೇಲೆ ಉಡುಗೊರೆ ಎಂದು ಬರೆಸಿ, ಬೆಲೆ ಕಡಿಮೆ ಹಾಕಿಸಿ. ಎಲ್ಲರೂ ಮಾಡುತ್ತಾರೆ, ನಾವು ಮಾಡಿದರೇನು ಎಂಬ ಸಮಾಧಾನವೂ ಜೊತೆಗೆ ಬರುತ್ತದೆ. ಉಡುಗೊರೆಯ ಹೆಸರಿನಲ್ಲಿ ಅಂಚೆ, ಕೊರಿಯರ್ ಮೂಲಕ ಬರುವ ಸರಕಿನ ವಿನಾಯಿತಿ ಮುಗಿದು ವರ್ಷಗಳಾದವು. 2019ರ ಡಿಸೆಂಬರ್ 12ರ ಅಧಿಸೂಚನೆಯ ಪ್ರಕಾರ ಜೀವರಕ್ಷಕ ಔಷಧ ಮತ್ತು ರಾಖಿ ಬಿಟ್ಟು ಬೇರೆ ಯಾವುದನ್ನೂ ಪೂರ್ತಿ ಸುಂಕ ಕಟ್ಟದೆ ಉಡುಗೊರೆಯೆಂದು ಬಿಡಿಸಿಕೊಳ್ಳುವಂತಿಲ್ಲ. ಹಾಗಾಗಿ ಆ ಪದ ಇಂದು ರಕ್ಷಣೆಯಾಗುವ ಬದಲು ತೊಂದರೆಯನ್ನೇ ಕರೆಯುತ್ತದೆ. ಬೆಲೆ ಸುಳ್ಳೆಂದು ಅನುಮಾನ ಬಂದರೆ ಮೌಲ್ಯಮಾಪನ ನಿಯಮಗಳ 12ನೇ ನಿಯಮದಡಿ ಘೋಷಿಸಿದ ಬೆಲೆಯನ್ನು ತಳ್ಳಿಹಾಕಿ ಅಧಿಕಾರಿ ಬೇರೆ ಬೆಲೆ ನಿಗದಿ ಮಾಡಬಹುದು. ಸರಕನ್ನು ವಶಪಡಿಸಿಕೊಳ್ಳಲು, ದಂಡ ಹಾಕಲು ಕಾಯ್ದೆಯಲ್ಲಿ ಅವಕಾಶವಿದೆ. ದಾರಿಯಲ್ಲಿ ಪಾರ್ಸೆಲ್ ಕಳೆದುಹೋದರೆ ಪರಿಹಾರವೂ ಆ ಸುಳ್ಳು ಬೆಲೆಗೇ ಸಿಗುವುದು. ಸಾವಿರ ರೂಪಾಯಿ ಉಳಿಸಲು ಹೋಗಿ ಹತ್ತು ಸಾವಿರದ್ದನ್ನು ಪಣಕ್ಕಿಡುವುದು ಜಾಣತನವಲ್ಲ. ಇದರ ಬದಲು ಪಾವತಿಯ ರಸೀದಿ, ಆರ್ಡರ್‌ನ ಪುಟ, ವಸ್ತುವಿನ ಸರಿಯಾದ ವಿವರಣೆ ಇರುವ ಇನ್‌ವಾಯ್ಸ್ ಕೈಯಲ್ಲಿದ್ದರೆ ಅಧಿಕಾರಿ ಬೆಲೆಯನ್ನು ತಾವೇ ಊಹಿಸುವ ಪ್ರಸಂಗ ಬರುವುದಿಲ್ಲ. ಎಷ್ಟೋ ಪಾರ್ಸೆಲ್‌ಗಳು ತಡವಾಗುವುದು ಸುಂಕ ಹೆಚ್ಚೆಂದಲ್ಲ. ಪೆಟ್ಟಿಗೆಯ ಮೇಲೆ ಬಿಡಿಭಾಗ ಎಂದಷ್ಟೇ ಬರೆದಿರುತ್ತದೆ, ಯಾವುದರ ಬಿಡಿಭಾಗವೆಂದು ಯಾರಿಗೂ ತಿಳಿಯುವುದಿಲ್ಲ. ಅಥವಾ ಗುರುತಿನ ದಾಖಲೆ ಕೇಳಿ ಬಂದ ಮಿಂಚಂಚೆಯನ್ನು ನಾವು ನೋಡಿಯೇ ಇರುವುದಿಲ್ಲ.

ವಿವರಣೆ ಸ್ಪಷ್ಟವಾಗಿರಬೇಕೆನ್ನಲು ಇನ್ನೂ ದೊಡ್ಡ ಕಾರಣವಿದೆ. ವಸ್ತುವನ್ನು ಯಾವ ಶೀರ್ಷಿಕೆಯಡಿ ಸೇರಿಸುತ್ತಾರೆ ಎನ್ನುವುದರ ಮೇಲೆ ದರ ನಿಂತಿದೆ. 1975ರ ಕಸ್ಟಮ್ಸ್ ಟ್ಯಾರಿಫ್ ಕಾಯ್ದೆಯ ಪಟ್ಟಿಯಲ್ಲಿ ಪ್ರತಿ ವಸ್ತುವಿಗೂ ಒಂದು ಸಂಖ್ಯೆ ಇದೆ. ವೈಯಕ್ತಿಕ ಬಳಕೆಗೆಂದು ಅಂಚೆಯಲ್ಲೋ ವಿಮಾನದಲ್ಲೋ ಬರುವುದಕ್ಕೆ 9804 ಎಂಬ ಒಟ್ಟು ಶೀರ್ಷಿಕೆಯೂ ಇದೆ. 2025ರ ಬಜೆಟ್‌ಗೆ ಮುಂಚಿನ ಕೆಲವು ವರ್ಷ ಈ ಶೀರ್ಷಿಕೆಯಡಿ ಮೂಲ ಸುಂಕ ಶೇ 35, ಮೇಲ್ತೆರಿಗೆ ಶೇ 10, ಐಜಿಎಸ್‌ಟಿ ಶೇ 28 ಇತ್ತು. ಮೂರೂ ಸೇರಿ ಶೇ 77.28! ನೂರು ರೂಪಾಯಿಯ ವಸ್ತುವಿಗೆ ಎಪ್ಪತ್ತೇಳು ರೂಪಾಯಿ ಸುಂಕ ಎಂದು ಜನ ಗೊಣಗುತ್ತಿದ್ದುದು ಉತ್ಪ್ರೇಕ್ಷೆಯಾಗಿರಲಿಲ್ಲ. ಆಮೇಲೆ ದರ ಹಂತಹಂತವಾಗಿ ಇಳಿದಿದೆ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿಯ ಶೇ 28ರ ಹಂತದಲ್ಲಿದ್ದ ಬಹುಪಾಲು ವಸ್ತುಗಳು ಶೇ 18ಕ್ಕೆ ಬಂದವು. 2026ರ ಬಜೆಟ್ ಭಾಷಣದಲ್ಲಿ ವೈಯಕ್ತಿಕ ಬಳಕೆಯ ಸರಕಿನ ಸುಂಕವನ್ನು ಶೇ 20ರಿಂದ ಶೇ 10ಕ್ಕೆ ಇಳಿಸುವ ಪ್ರಸ್ತಾವ ಬಂತು. ಹೀಗೆ ಅಂಕಿಗಳು ಬಜೆಟ್‌ನಿಂದ ಬಜೆಟ್‌ಗೆ ಅಲುಗಾಡುತ್ತವೆ, ಆದ್ದರಿಂದ ಹಳೆಯ ವಿಡಿಯೊ ನೋಡಿ ಲೆಕ್ಕ ಹಾಕಬೇಡಿ. ಕೇಂದ್ರ ಪರೋಕ್ಷ ತೆರಿಗೆ ಮತ್ತು ಸೀಮಾ ಸುಂಕ ಮಂಡಳಿಯ (ಸಿಬಿಐಸಿ) ಜಾಲತಾಣದಲ್ಲಿ ಆ ದಿನದ ದರ ನೋಡಿ. ಕೆಲವು ವಸ್ತುಗಳಿಗೆ ತಮ್ಮದೇ ಶೀರ್ಷಿಕೆಯಲ್ಲಿ ದರ ಬಹಳ ಕಡಿಮೆ. ಮುದ್ರಿತ ಪುಸ್ತಕಕ್ಕೆ 2019ರ ಜುಲೈ ಬಜೆಟ್‌ನಲ್ಲಿ ಹಾಕಿದ ಮೂಲ ಸುಂಕ ಶೇ 5, ಜಿಎಸ್‌ಟಿ ಇಲ್ಲ. ಪುಸ್ತಕದ ಪೆಟ್ಟಿಗೆಯ ಮೇಲೆ ಬರೀ ಮರ್ಚಂಡೈಸ್ ಎಂದು ಬರೆದಿದ್ದರೆ ಓದುಗರೇ ನಷ್ಟ ಹೊರಬೇಕಾದೀತು.

ಈ ಶೀರ್ಷಿಕೆಯ ಮಾತು ಹವ್ಯಾಸದ ಸಾಮಾನಿಗೆ ಸೀಮಿತವಲ್ಲ. ಅಪರೂಪದ ಕಾಯಿಲೆಯ ಮಗುವಿರುವ ಮನೆಯಲ್ಲಿ ಹೊರದೇಶದಿಂದ ತರಿಸುವ ಔಷಧದ ಬೆಲೆ ಲಕ್ಷಗಟ್ಟಲೆ. ಅಲ್ಲಿ ಸುಂಕದ ಒಂದೊಂದು ಅಂಕಿಯೂ ಆ ಕುಟುಂಬದ ಉಸಿರನ್ನು ಬಿಗಿಹಿಡಿಯುತ್ತದೆ. 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಲ್ಲಿ ಪಟ್ಟಿ ಮಾಡಿದ ಕಾಯಿಲೆಗಳಿಗೆ ವೈಯಕ್ತಿಕ ಬಳಕೆಗಾಗಿ ತರಿಸುವ ಔಷಧ ಮತ್ತು ವಿಶೇಷ ವೈದ್ಯಕೀಯ ಆಹಾರಕ್ಕೆ 2023ರ ಏಪ್ರಿಲ್ 1ರಿಂದ ಮೂಲ ಸುಂಕದ ಪೂರ್ಣ ವಿನಾಯಿತಿ ಇದೆ. ಆದರೆ ಅದು ತಾನಾಗಿ ಸಿಗುವುದಿಲ್ಲ. ಆರೋಗ್ಯ ಸೇವೆಗಳ ನಿರ್ದೇಶಕರಿಂದಲೋ ಜಿಲ್ಲಾ ವೈದ್ಯಾಧಿಕಾರಿ, ಸಿವಿಲ್ ಸರ್ಜನ್ ಅವರಿಂದಲೋ ಪ್ರಮಾಣಪತ್ರ ಬೇಕು. ಔಷಧ ಟರ್ಮಿನಲ್‌ಗೆ ಬಂದ ಮೇಲೆ ಆ ಪತ್ರಕ್ಕಾಗಿ ಓಡಾಡುವ ಸ್ಥಿತಿ ಯಾರಿಗೂ ಬಾರದಿರಲಿ. ತಂಪಿನಲ್ಲಿಡಬೇಕಾದ ಔಷಧಕ್ಕೆ ಒಂದೊಂದು ದಿನವೂ ದೊಡ್ಡದು. ಆರ್ಡರ್‌ಗೂ ಮೊದಲೇ ಪತ್ರ ಸಿದ್ಧವಿರಬೇಕು, ಅದರ ಪ್ರತಿ ಕೊರಿಯರ್‌ನವರ ಕೈ ಸೇರಿರಬೇಕು.

ಹಣ ಯಾರು, ಯಾವಾಗ ಕಟ್ಟುತ್ತಾರೆ ಎನ್ನುವುದು ಮುಂದಿನ ಮಾತು. ಕೆಲವು ಅಂಗಡಿಗಳು ಡಿಡಿಪಿ ಎಂಬ ಕರಾರಿನಲ್ಲಿ ಕಳಿಸುತ್ತವೆ, ಸುಂಕವೂ ಸೇರಿ ಒಂದೇ ಬೆಲೆ. ಡಿಎಪಿ ಎಂದಿದ್ದರೆ ಸುಂಕ ನಮ್ಮ ಹೊಣೆ. ಡಿಡಿಪಿಯಲ್ಲಿ ಮಾರುವವರು ಸುಂಕವನ್ನು ಹೆಚ್ಚಿಗೆ ಅಂದಾಜು ಮಾಡಿ ಅದರಲ್ಲೂ ಲಾಭ ತೆಗೆಯಬಹುದಲ್ಲವೇ ಎಂಬ ಆಕ್ಷೇಪದಲ್ಲಿ ಹುರುಳಿದೆ. ಉಳಿದ ಹಣ ಹಿಂದಿರುಗಿಸುತ್ತೇವೆ ಎಂದು ಬರೆದಿರುವ ಅಂಗಡಿಯಾದರೆ ಒಪ್ಪಬಹುದು, ಇಲ್ಲದಿದ್ದರೆ ಮೇಲಿನ ಲೆಕ್ಕವನ್ನು ನೀವೇ ಹಾಕಿ ಹೋಲಿಸಿ. ಡಿಎಪಿಯಲ್ಲಿ ಇನ್ನೊಂದು ಖರ್ಚು ಕಾದಿರುತ್ತದೆ: ಕೊರಿಯರ್ ಕಂಪನಿ ನಿಮ್ಮ ಸುಂಕವನ್ನು ಮೊದಲು ತಾನೇ ಕಟ್ಟಿ ಆಮೇಲೆ ನಿಮ್ಮಿಂದ ವಸೂಲಿ ಮಾಡುವುದಕ್ಕೆ ಒಂದು ಶುಲ್ಕ, ಅದರ ಮೇಲೆ ಶೇ 18 ಜಿಎಸ್‌ಟಿ. ಇದು ಸರ್ಕಾರಕ್ಕೆ ಹೋಗುವ ಹಣವಲ್ಲ, ಕಂಪನಿಯ ದರಪಟ್ಟಿಯಲ್ಲಿ ಮೊದಲೇ ನೋಡಬಹುದು. ಅಗ್ಗದ ವಸ್ತುವಿನಲ್ಲಿ ಈ ಶುಲ್ಕ ಸುಂಕವನ್ನೇ ಮೀರಿಸಬಹುದು. ಕಾರ್ಡಿನಲ್ಲಿ ಡಾಲರ್ ಪಾವತಿಗೆ ಬ್ಯಾಂಕುಗಳು ಸಾಮಾನ್ಯವಾಗಿ ಶೇ 2ರಿಂದ 3.5ರವರೆಗೆ ಹೆಚ್ಚುವರಿ ಹಾಕುತ್ತವೆ, ಅದಕ್ಕೂ ಜಿಎಸ್‌ಟಿ. ನಮ್ಮ ಉದಾಹರಣೆಯ 14,000 ರೂಪಾಯಿಗೆ ಶೇ 3.5 ಎಂದರೆ 490, ಜಿಎಸ್‌ಟಿ ಸೇರಿ 578. ಹತ್ತು ಸಾವಿರದ ವಸ್ತು ಮನೆಗೆ ಬರುವ ಹೊತ್ತಿಗೆ ಕೊರಿಯರ್ ಶುಲ್ಕ ಬಿಟ್ಟೇ 18,330 ರೂಪಾಯಿ.

ಹಣ ಕಟ್ಟಿದರೂ ಒಳಗೆ ಬಿಡದ ವಸ್ತುಗಳಿವೆ. ಇ-ಸಿಗರೇಟಿಗೆ 2019ರಿಂದ, ಹೊರದೇಶದ ಡ್ರೋನ್‌ಗೆ 2022ರ ಫೆಬ್ರುವರಿಯಿಂದ ನಿಷೇಧ. ಹೂಗಿಡದ ಬೀಜವನ್ನೋ ಗೆಡ್ಡೆಯನ್ನೋ ತೋಟಪ್ರಿಯರು ಆಸೆಯಿಂದ ತರಿಸುತ್ತಾರೆ. ಅದಕ್ಕೆ ಆಮದು ಪರವಾನಗಿ ಮತ್ತು ಹೊರದೇಶದ ಸಸ್ಯಾರೋಗ್ಯ ಪ್ರಮಾಣಪತ್ರ ಬೇಕು. ಒಂದು ಪೊಟ್ಟಣದಲ್ಲಿ ಬಂದ ರೋಗ ಊರಿನ ತೋಟಗಳಿಗೆ ಹಬ್ಬಬಹುದಾದ್ದರಿಂದ ಈ ಕಟ್ಟುನಿಟ್ಟು ನ್ಯಾಯವಾದದ್ದೇ.

ಸುಂಕ ತಪ್ಪಾಗಿ ಬಿದ್ದಿದೆ ಎನಿಸಿದರೆ ಗೋಳಾಡಬೇಕಾಗಿಲ್ಲ. ಆದೇಶ ಕೈಸೇರಿದ 60 ದಿನಗಳೊಳಗೆ ಮೇಲ್ಮನವಿ ಆಯುಕ್ತರಿಗೆ 128ನೇ ಸೆಕ್ಷನ್‌ನಡಿ ಮನವಿ ಸಲ್ಲಿಸಬಹುದು. ಸುಂಕ ವಿಪರೀತವಾಗಿ ಪಾರ್ಸೆಲೇ ಬೇಡವೆನಿಸಿದರೆ, ಬಿಡುಗಡೆಯ ಆದೇಶವಾಗುವ ಮುಂಚೆ 23ನೇ ಸೆಕ್ಷನ್‌ನಡಿ ವಸ್ತುವಿನ ಹಕ್ಕು ಬಿಟ್ಟುಕೊಡಬಹುದು, ಆಗ ಸುಂಕ ಕಟ್ಟಬೇಕಿಲ್ಲ. ವಸ್ತುವಿನ ಹಣ ಮಾತ್ರ ಹೋಯಿತೆಂದೇ ತಿಳಿಯಬೇಕು. ಬಂದದ್ದು ಕೆಟ್ಟಿದ್ದರೆ ಅಥವಾ ಹೇಳಿದ್ದೇ ಒಂದು, ಬಂದದ್ದೇ ಒಂದು ಎಂದಾದರೆ ಕಟ್ಟಿದ ಸುಂಕವನ್ನೂ ಹಿಂಪಡೆಯಲು 26ಎ ಸೆಕ್ಷನ್ ದಾರಿ ಮಾಡಿದೆ. ಆದರೆ ಬಳಸದೆ, ಬಿಡುಗಡೆಯಾದ 30 ದಿನಗಳೊಳಗೆ ಹಿಂದಕ್ಕೆ ಕಳಿಸಿರಬೇಕು, ಅದನ್ನು ಕಸ್ಟಮ್ಸ್ ಮುಂದೆ ಗುರುತಿಸಿ ತೋರಿಸಬೇಕು. ನೇರವಾಗಿ ಕೊರಿಯರ್‌ನಲ್ಲಿ ವಾಪಸ್ ಹಾಕಿಬಿಟ್ಟರೆ ಅಂಗಡಿಯ ಹಣ ಬಂದೀತು, ಸುಂಕದ ಹಣ ಬರುವುದಿಲ್ಲ. ನಿಮ್ಮ ಹೆಸರಿಗೆ ಪಾರ್ಸೆಲ್ ಬಂದಿದೆ, ಕಸ್ಟಮ್ಸ್ ಹಿಡಿದಿದೆ, ಈಗಲೇ ಈ ಖಾತೆಗೆ ಹಣ ಹಾಕಿ ಎಂದು ಬರುವ ಕರೆಗಳಿಗೂ ಇಲ್ಲಿ ಉತ್ತರವಿದೆ. ನಿಜವಾದ ಕಸ್ಟಮ್ಸ್ ಪತ್ರಕ್ಕೆ ಡಿನ್ ಎಂಬ ಗುರುತಿನ ಸಂಖ್ಯೆ ಇರುತ್ತದೆ, ಸಿಬಿಐಸಿ ತಾಣದಲ್ಲಿ ಅದನ್ನು ಪರೀಕ್ಷಿಸಬಹುದು. ಸುಂಕ ಯಾವ ವ್ಯಕ್ತಿಯ ಖಾತೆಗೂ ಹೋಗುವುದಿಲ್ಲ. ಮನೆಯ ಹಿರಿಯರಿಗೆ ಇಷ್ಟನ್ನು ತಿಳಿಸಿಟ್ಟರೆ ಅವರ ಉಳಿತಾಯದ ಹಣ ಉಳಿದೀತು.

ಇಷ್ಟೆಲ್ಲ ಲೆಕ್ಕ ಹಾಕುವ ಬದಲು ಇಲ್ಲಿಯೇ ಕೊಳ್ಳುವುದು ಒಳ್ಳೆಯದಲ್ಲವೇ? ಎಷ್ಟೋ ಸಲ ಹೌದು. ದೊಡ್ಡ ಗಾತ್ರದ, ಬೇಗ ಕೆಡುವ, ವಾರಂಟಿ ಬೇಕಾದ ವಸ್ತುಗಳಲ್ಲಿ ಇಲ್ಲಿನ ಆಮದುದಾರರ ಬೆಲೆ ದುಬಾರಿಯಾಗಿ ಕಂಡರೂ ಹಡಗಿನಲ್ಲಿ ಒಟ್ಟಾಗಿ ತರಿಸಿದ ಅವರ ಸಾಗಣೆ ವೆಚ್ಚ ತಲಾ ಪೆಟ್ಟಿಗೆಗೆ ನಮ್ಮದರ ಒಂದು ಪಾಲೂ ಇರುವುದಿಲ್ಲ. ಹಳೆಯ ಹೊಲಿಗೆ ಯಂತ್ರಕ್ಕೆ ಇಲ್ಲಿ ಸಿಗದ ಒಂದು ಹಲ್ಲುಚಕ್ರ, ಪಿಟೀಲಿನ ತಂತಿಯ ಸೆಟ್ಟು, ಅಚ್ಚಿನಲ್ಲಿಲ್ಲದ ಪುಸ್ತಕದ ಪ್ರತಿ, ಶ್ರವಣ ಸಾಧನದ ಒಂದು ಭಾಗ, ಇಂಥವು ಬೇರೆ. ಹಗುರ, ಚಿಕ್ಕವು, ಬೇರೆ ದಾರಿಯಿಲ್ಲದವು. ಇವುಗಳನ್ನು ತರಿಸುವಾಗ ಕಾರ್ಟಿನ ಬೆಲೆಯ ಪಕ್ಕದಲ್ಲಿ ಒಂದು ಚೀಟಿಯಲ್ಲಿ ಸಾಗಣೆ, ವಿಮೆ, ಸುಂಕ, ಕೊರಿಯರ್ ಶುಲ್ಕ, ಬ್ಯಾಂಕಿನ ಪಾಲು ಬರೆದು ಕೂಡಿಸಿ. ಆ ಮೊತ್ತಕ್ಕೂ ಅದು ಬೇಕೆನಿಸಿದರೆ ತರಿಸಿ, ಪಾರ್ಸೆಲ್ ಬಂದ ದಿನ ಅದೇ ಚೀಟಿಯನ್ನು ಬಿಲ್ ಆಫ್ ಎಂಟ್ರಿಯ ಪಕ್ಕದಲ್ಲಿಟ್ಟು ಸಾಲುಸಾಲಾಗಿ ಹೊಂದಿಸಿ ನೋಡಿ.